ತ್ರಾಸಿಲ್ಲದವರ ತಪಾಸಣೆ

ಐನಾಪುರದ ಮುರಗೆಪ್ಪನವರಿಗೆ ಅರವತ್ತೊಂದು ವರ್ಷ, ಮೂರು ಎಕರೆ ದ್ರಾಕ್ಷಿ ತೋಟ, ಗಟ್ಟಿಮುಟ್ಟಾದ ಮೈ. ಬಳ್ಳಿ ಹಸಿರಾಗಿರುವಾಗಲೇ ಎಲೆಯ ದೇಟು ಕಿತ್ತು ಪರೀಕ್ಷೆಗೆ ಕಳಿಸುವುದು ಅವರ ಇಪ್ಪತ್ತು ವರ್ಷಗಳ ರೂಢಿ. ಎಲೆ ಹಳದಿಯಾದ ಮೇಲೆ ಕಳಿಸಿ ಫಲವೇನು?

ನೆರೆಯ ತೋಟದ ಜಿನ್ನಪ್ಪ ಹೋದ ವರ್ಷ ದೊಡ್ಡ ಕರುಳಿನ ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಪತ್ರೆ ಸೇರುವ ಹದಿನೈದು ದಿನ ಮೊದಲಿನವರೆಗೂ ಅವರಿಗೆ ಯಾವ ತ್ರಾಸೂ ಇರಲಿಲ್ಲ. ಹಾಗಾದರೆ ತಮ್ಮ ಹೊಟ್ಟೆಯೊಳಗೇನಿದೆ? ಈ ಪ್ರಶ್ನೆ ಮುರಗೆಪ್ಪನವರನ್ನು ಬಿಡಲಿಲ್ಲ. ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪತ್ತೆಹಚ್ಚುವ ಪರೀಕ್ಷೆಯೊಂದಿದೆ ಎಂದು ತಿಳಿದು, ಡಬ್ಬಿಯಲ್ಲಿ ಮಾದರಿ ತುಂಬಿಕೊಂಡು ಆಸ್ಪತ್ರೆಗೆ ಹೋದರು.

ಕೌಂಟರಿನಲ್ಲಿದ್ದ ಗುಮಾಸ್ತ ಸಂಜಯ ಕೇಳಿದ: "ಏನ್ ತ್ರಾಸ ಐತ್ರಿ, ಕಾಕಾ?"

"ಏನೂ ಇಲ್ಲ."

"ಮತ್ಯಾಕ ಬಂದೀರಿ?"

"ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಾಕ."

ಅರ್ಜಿಯಲ್ಲಿ ‘ತ್ರಾಸ’ ಎಂಬ ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. "ಮೂಲವ್ಯಾಧಿ, ರಕ್ತ ಹೊಂಟೈತಿ ಅಂತ ಬರೀರಿ. ಮುಗೀತು," ಎಂದ ಸಂಜಯ.

"ಹೊಂಟಿಲ್ಲಲ್ಲೋ! ಸುಳ್ಳಿಗೆ ಸಹಿ ಮಾಡಂಗಿಲ್ಲ."

"ಹಂಗಾರ ತ್ರಾಸ ಆದ ಮ್ಯಾಲ ಬರ್ರಿ."

ಆಸ್ಪತ್ರೆಯ ನೌಕರನೊಬ್ಬ ಆಡುವ ಮಾತೇ ಇದು? ರೋಗ ಬಲಿಯಲಿ, ಆಮೇಲೆ ನೋಡೋಣ ಎಂದಂತಾಯಿತಲ್ಲ!

ಮರಳಿ ಬಂದ ಡಬ್ಬಿ ಕಂಡು ಹೆಂಡತಿ ಗೌರಾಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಊರೆಲ್ಲಾ ಮೆರವಣಿಗಿ ಮಾಡ್ಕೊಂಡ್ ಬಂದ್ರಿ? ಒಂದ್ ಸುಳ್ಳ ಬರದಿದ್ರ ಏನಾಗ್ತಿತ್ತು?"

"ಮೂಲವ್ಯಾಧಿ ಅಂತ ಬರದ್ರ ಮಲಾಮ ಕೊಟ್ಟ ಕಳಸ್ತಾರ. ಒಳಗಿಂದು ಒಳಗ ಉಳೀತೈತಿ."

ಮಾದರಿಯ ಅವಧಿ ಮುಗಿಯಿತು, ಹೊಸದು ತುಂಬಬೇಕಾಯಿತು. ಎರಡನೆಯ ಸಲವೂ ಅದೇ ಉತ್ತರ. ಹೀಗೆ ಹತ್ತೊಂಬತ್ತು ದಿನಗಳು ವ್ಯರ್ಥವಾದವು. ಮೂರನೆಯ ಸಲ ಅಂಕಣದಲ್ಲಿ ದಪ್ಪಕ್ಷರದಿಂದ ‘ಇಲ್ಲ’ ಎಂದು ಬರೆದು, ಕೌಂಟರಿನೆದುರು ಕದಲದೆ ನಿಂತರು. ಗದ್ದಲ ಕೇಳಿ ಹೊರಬಂದ ಡಾಕ್ಟರ್ ಸೀಮಾ ಅರ್ಜಿ ಓದಿದರು. "ಸಂಜಯ, ತ್ರಾಸ ಇಲ್ದವ್ರಿಗೇ ಮಾಡೂ ತಪಾಸಣೆ ಇದು. ವಯಸ್ಸ ಐವತ್ತ ದಾಟೇತಿ, ಅಷ್ಟ ಸಾಕು. ತಗೋ."

ಎರಡು ದಿನಗಳ ನಂತರ ಗಂಡ-ಹೆಂಡತಿ ಇಬ್ಬರೂ ವರದಿಗೆ ಹೋದರು. ರಕ್ತದ ಅಂಶ ಕಂಡುಬಂದಿತ್ತು.

"ಕ್ಯಾನ್ಸರ್ ಅಂತ ಇದರ ಅರ್ಥ ಅಲ್ರಿ," ಎಂದರು ಸೀಮಾ. "ಸಣ್ಣ ಗಂಟ ಇರಬಹುದು, ಏನೂ ಇಲ್ದೇನೂ ಇರಬಹುದು. ಮಿರಜದ ದೊಡ್ಡ ಆಸ್ಪತ್ರ್ಯಾಗ ನಳಿಗಿ ಬಿಟ್ಟು ಕರುಳ ನೋಡಸ್ರಿ. ತಡಾ ಮಾಡಬ್ಯಾಡ್ರಿ."

ಸಂಜಯ ಮಿರಜಕ್ಕೆ ಕಳಿಸುವ ಅರ್ಜಿಯನ್ನು ಮುಂದೆ ಚಾಚಿದ. "ಈಗರೆ ಬರೀರಿ ಕಾಕಾ, ಏನ್ ತ್ರಾಸ?"

ಮುರಗೆಪ್ಪನವರು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡರು. ಅದೇ ದಪ್ಪಕ್ಷರದಲ್ಲಿ ಬರೆದರು: ಇಲ್ಲ.

ಗೌರಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದರು. "ನಡೀರಿ, ಮಿರಜಕ್ಕ ನಾನೂ ಬರ್ತೀನಿ. ಅಲ್ಲೂ ಜಗಳಾ ಬಿಡಸಾಕ ಒಬ್ರು ಬೇಕಲ್ಲ."