ಸೂಜಿಯ ತೂತು ಸಣ್ಣದಾಗಿದೆ ಎಂದವರಿಗೆ ಕನ್ನಡಕ

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹೊರಗೆ ಕೊಡೆ ಬಿಚ್ಚಿ ಅದರ ಕಡ್ಡಿಗಳಿಗೆ ಕನ್ನಡಕ ತೂಗುಹಾಕಿ ವ್ಯಾಪಾರ ಶುರು ಮಾಡಿದವನು ನಾನು. ಈಗ ಭಟ್ಕಳದಲ್ಲಿ ಗಾಜಿನ ಬಾಗಿಲಿನ ಅಂಗಡಿ ಇದೆ. ಚೌಕಾಸಿ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಒಂದೇ ಮಾತು: ಗಿರಾಕಿಯ ಬಾಯಿ ನೋಡಬೇಡಿ, ಕಣ್ಣು ನೋಡಿ. ಬಾಯಿ ‘ಬೇಡ’ ಅನ್ನುತ್ತಿರುತ್ತದೆ, ಕಣ್ಣು ಅದೇ ಫ್ರೇಮಿನ ಮೇಲೆ ಮೂರನೇ ಸಲ ಹೋಗಿರುತ್ತದೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಲ್ಲ ಎಂದುಕೊಂಡಿದ್ದೆ. ಒಡಿಶಾದಿಂದ ಬಂದ ಒಬ್ಬ ಹೆಂಗಸು ಅದನ್ನು ಎರಡು ಭಾನುವಾರಗಳಲ್ಲಿ ಸುಳ್ಳು ಮಾಡಿದಳು.

ಅವಳ ಗಂಡ ತೆಂಗಿನಗುಂಡಿಯಲ್ಲಿ ದೋಣಿಯ ಕೆಲಸಕ್ಕೆ ಬಂದವನು. ಅವಳು ಒಂದು ವರ್ಷದಿಂದ ನನ್ನ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಭಟ್ಕಳದಲ್ಲಿ ಹಿಂದಿ ಮಾತಾಡಿದರೆ ಸಾಕು, ಉರ್ದು ಗೊತ್ತಿದ್ದವರು ಅರ್ಥ ಮಾಡಿಕೊಳ್ಳುತ್ತಾರೆ. ಆದರೆ ನಾನು ಶಿರಾಲಿಯಲ್ಲಿ ಎರಡನೇ ಅಂಗಡಿ ತೆರೆಯುವವನಿದ್ದೆ. ಅಲ್ಲಿಗೆ ಬರುವವರು ಹಳ್ಳಿಯ ಹಿರಿಯರು, ಅವರಿಗೆ ಕನ್ನಡವೇ ಆಗಬೇಕು. ಆ ಅಂಗಡಿಯ ಹಿಂದೆ ಒಂದು ಕೋಣೆಯೂ ಇತ್ತು. ಮಳೆಗಾಲದಲ್ಲಿ ಮೀನುಗಾರಿಕೆ ನಿಂತು ದೋಣಿ ದಡಕ್ಕೆ ಕಟ್ಟಿದರೆ ಅವಳ ಸಂಸಾರ ಊರಿಗೆ ಹೋಗಬೇಕು, ಮಗಳ ಶಾಲೆ ಪ್ರತಿವರ್ಷ ಅರ್ಧಕ್ಕೆ ನಿಲ್ಲುತ್ತದೆ. ಆ ಕೋಣೆ ಸಿಕ್ಕರೆ ಇಲ್ಲೇ ಉಳಿಯಬಹುದು. ಹಾಗಾಗಿ ಅವಳೇ ಹಿಂದಿಯಲ್ಲಿ ಕೇಳಿದಳು, “ಅಣ್ಣ, ಶಿರಾಲಿ ನಂಗೆ ಕೊಡಿ.”

“ಎರಡು ಭಾನುವಾರ ಕುಮಟಾ ಕಡೆ ಹೊಳನಗದ್ದೆಗೆ ಹೋಗಿ ಕನ್ನಡಕ ಇಟ್ಕೊಂಡು ಕೂರುವಾ. ಜನರ ಹತ್ರ ನೀನೇ ಮಾತಾಡ್ಬೇಕು, ನಾನು ಬಾಯಿ ಬಿಡುದಿಲ್ಲ. ಗಿರಾಕಿ ಒಪ್ಪಿದ್ರೆ ಅಂಗಡಿ, ಹಿಂದಿನ ಕೋಣೆ ಎರಡೂ ನಿಂದು,” ಎಂದೆ.

“ಆತು,” ಎಂದಳು. ಅವಳು ಮೊದಲು ಕಲಿತ ಕನ್ನಡ ಅದೇ.

ನಾನೇ ಕೂತು ಒಂದು ಪಟ್ಟಿಯಲ್ಲಿ ಕಣ್ಣಿನ ಮಾತುಗಳನ್ನೆಲ್ಲ ಹಿಂದಿ ಅಕ್ಷರದಲ್ಲಿ ಬರೆದುಕೊಟ್ಟೆ. ಕಣ್ಣು ಮಂಜಾಗುವುದು, ಕಣ್ಣು ಕತ್ತಲೆ ಬರುವುದು, ಕಣ್ಣು ಚುಚ್ಚುವುದು. ಬರೆಯುತ್ತಾ ಹೋದ ಹಾಗೆ ನನಗೇ ಹುರುಪು ಬಂತು. ಕಣ್ಣು ಹಾಯಿಸುವುದು ಬೇರೆ, ಕಣ್ಣಾಡಿಸುವುದು ಬೇರೆ, ಕಣ್ಣಿಡುವುದು ಪೂರಾ ಬೇರೆ. ಇಣುಕುವವನಿಗೆ ಅಂಜಿಕೆ ಇರುತ್ತದೆ, ದುರುಗುಟ್ಟುವವನಿಗೆ ಇರುವುದಿಲ್ಲ. ನಮ್ಮಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾರೆ, ಬೇರೆಯವರ ಕಣ್ಣಿಗೆ ಮಣ್ಣೆರಚುತ್ತಾರೆ. ಅವಳು ಓದಿ ಕೇಳಿದಳು, “ಇಷ್ಟೆಲ್ಲ ಹಾಕಿದ್ರೆ ಕಣ್ಣು ಹಾಳಾಗುದಿಲ್ವಾ ಅಣ್ಣ?”

“ಹಾಳಾದ್ರೇ ನಮ್ಮ ಅಂಗಡಿ ನಡೆಯುದು,” ಎಂದೆ.

ಹದಿನೈದು ದಿನದಲ್ಲಿ ಪಟ್ಟಿ ಮುಗಿಸಿದಳು. ಮೀನು ಕೊಳ್ಳುವಾಗಲೂ “ಕಣ್ಣು ಹಾಯಿಸ್ತೇನೆ” ಅನ್ನುತ್ತಿದ್ದಳಂತೆ.

ಮೊದಲ ಭಾನುವಾರ ಹೊಳನಗದ್ದೆಯಲ್ಲಿ ಪರಿಚಯದವರ ಮನೆಯ ಜಗಲಿಯಲ್ಲಿ ಮೇಜು ಹಾಕಿದೆವು. ಗೋಡೆಗೆ ಅಕ್ಷರದ ಹಾಳೆ ಅಂಟಿಸಿದೆವು. ಬಂದವರಲ್ಲಿ ಮೊದಲನೆಯವರು ವಯಸ್ಸಾದ ಒಬ್ಬ ಅಮ್ಮ. ಇವಳು ಪಟ್ಟಿಯಲ್ಲಿದ್ದ ಹಾಗೇ ಕೇಳಿದಳು, “ಅಮ್ಮ, ನಿಮ್ಮ ಕಣ್ಣು ಮಂಜಾಗ್ತದಾ?”

“ನಂಗೆಂತ ಆಗಿದೆ? ನನ್ನ ಕಣ್ಣು ಸರೀ ಇದೆ,” ಎಂದರು ಆ ಅಮ್ಮ. “ಈಗಿನ ಸೂಜಿಗೆ ತೂತೇ ಸಣ್ಣ ಮಾಡ್ತಾರೆ, ಕಂಪನಿಯವರು.”

ಹಾಳೆಯ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿ ಎದ್ದು ಹೋದರು. ಅವರ ಹಿಂದೆ ಬಂದ ಇನ್ನೊಬ್ಬರು, “ರೇಷನ್ ಅಕ್ಕಿಯ ಕಲ್ಲಿಗೂ ಈಗ ಅಕ್ಕಿಯದ್ದೇ ಬಣ್ಣ,” ಎಂದು ಹೇಳಿ ನಡೆದರು. ಆ ದಿನ ಒಂದು ಕನ್ನಡಕವೂ ಹೋಗಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ಶರಾವತಿಯ ಸೇತುವೆ ದಾಟುವಾಗ ಕೇಳಿದಳು, “ಅಣ್ಣ, ಕಣ್ಣು ಕಾಣುದಿಲ್ಲ ಅಂದ್ರೆ ಅವರಿಗೆ ಎಂತ ಆಗ್ತದೆ?”

“ಎಂತ ಆಗ್ತದೆ ಅಂದ್ರೆ? ಅಕ್ಕಿ ಆರಿಸುವ ಮೊರ ಸೊಸೆಯ ಕೈಗೆ ಹೋಗ್ತದೆ. ಮೊರ ಹೋದ ಮೇಲೆ ಅಡುಗೆಮನೆಯ ಮಾತೂ ಹೋಗ್ತದೆ.” ನಾನು ಸುಮ್ಮನೆ ತಮಾಷೆಗೆ ಹೇಳಿದೆ. ಅವಳು ನಗಲಿಲ್ಲ. ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಎರಡನೇ ಭಾನುವಾರ ಅವಳು ಅಕ್ಷರದ ಹಾಳೆ ತರಲೇ ಇಲ್ಲ. ಚೀಲದಿಂದ ಒಂದು ಮೊರ, ಕಲ್ಲು ಬೆರೆತ ಎರಡು ಸೇರು ಅಕ್ಕಿ, ಸೂಜಿ, ಕಪ್ಪು ದಾರದ ಉಂಡೆ ತೆಗೆದಳು. ಮೇಜನ್ನು ಬದಿಗೆ ಸರಿಸಿ ಜಗಲಿಯಲ್ಲೇ ಕಾಲು ಚಾಚಿ ಕೂತು ಅಕ್ಕಿ ಆರಿಸತೊಡಗಿದಳು. ಎಷ್ಟು ಕೆಟ್ಟದಾಗಿ ಎಂದರೆ, ಕಲ್ಲು ಬಿಟ್ಟು ಅಕ್ಕಿ ಎಸೆಯುತ್ತಿದ್ದಳು. ಇವತ್ತಿಗೆ ಇವಳ ಕಥೆ ಮುಗಿಯಿತು ಅಂದುಕೊಂಡೆ. ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ.

ಹೋದ ವಾರದ ಸೂಜಿಯ ಅಮ್ಮ ಬೇಲಿಯ ಆಚೆಯಿಂದ ಸ್ವಲ್ಪ ಹೊತ್ತು ನೋಡಿದರು. ತಡೆಯಲಾಗಲಿಲ್ಲ. “ಎಂತ ಮಾಡ್ತೆ ತಂಗಿ? ನಿನ್ನ ಅಮ್ಮ ಇದನ್ನೂ ಕಲಿಸ್ಲಿಲ್ವಾ?”

“ಅಮ್ಮ ದೂರ ಇದ್ದಾರೆ. ನೀವು ಕಲಿಸಿ,” ಎಂದಳು ಇವಳು.

ಅಮ್ಮ ಬಂದು ಮೊರ ಕಸಿದುಕೊಂಡರು. ಅಕ್ಕಿ ಕೇರುವ ಕೈ ಚುರುಕಾಗಿತ್ತು, ಆರಿಸುವ ಬೆರಳು ಮಾತ್ರ ತಡವರಿಸಿತು. ಇವಳು ತಾನು ಒಂದು ಕನ್ನಡಕ ಹಾಕಿಕೊಂಡು, “ಅಕ್ಕಿ ಆರಿಸುದಕ್ಕೆ ಇದು ಚಲೋ,” ಎಂದು ಇನ್ನೊಂದನ್ನು ಅಮ್ಮನ ಮೊಣಕಾಲಿನ ಹತ್ತಿರ ಇಟ್ಟಳು. ಕೊಡಲಿಲ್ಲ, ಬರೀ ಇಟ್ಟಳು. ಅಮ್ಮ ಅತ್ತಿತ್ತ ನೋಡಿ ಹಾಕಿಕೊಂಡರು. ಅದು ಹೊಂದಲಿಲ್ಲ, ಇವಳು ಸದ್ದಿಲ್ಲದೆ ಮುಂದಿನ ನಂಬರು ಇಟ್ಟಳು. ಮೂರನೆಯದಕ್ಕೆ ಅಮ್ಮನ ಕೈ ನಿಂತುಬಿಟ್ಟಿತು.

“ಇಷ್ಟು ಕಲ್ಲು ತಿಂತೀರಾ ನೀವು ಮನೆಯಲ್ಲಿ?” ಎಂದು ಇವಳನ್ನೇ ಬೈದರು. ಆಮೇಲೆ ಸೂಜಿ ಎತ್ತಿಕೊಂಡು ಒಂದೇ ಸಲಕ್ಕೆ ದಾರ ಪೋಣಿಸಿದರು. “ಇದು ಒಳ್ಳೇ ಕಂಪನಿ ಸೂಜಿ,” ಎಂದರು.

“ಹೌದಮ್ಮ, ಒಳ್ಳೇ ಕಂಪನಿ,” ಎಂದಳು ಇವಳು.

ಸಂಜೆಯೊಳಗೆ ತಂದ ಪೆಟ್ಟಿಗೆ ಖಾಲಿಯಾಯಿತು. ಕಣ್ಣಲ್ಲಿ ಪೊರೆ ಕಂಡ ಇಬ್ಬರಿಗೆ ಮಾತ್ರ ಅವಳು ಕನ್ನಡಕ ಕೊಡದೆ, ಡಾಕ್ಟರ ಹತ್ತಿರ ಹೋಗಿ ಎಂದು ಕಳಿಸಿದಳು. ನಾನಾದರೆ ಆ ಎರಡು ವ್ಯಾಪಾರ ಬಿಡುತ್ತಿದ್ದೆನೋ ಇಲ್ಲವೋ, ಹೇಳಲಾರೆ. ನನ್ನ ಪಟ್ಟಿಯ ಒಂದು ಮಾತನ್ನೂ ಅವಳು ಆ ದಿನ ಬಳಸಲಿಲ್ಲ. ನಾನು ಗಿರಾಕಿಯ ಕಣ್ಣು ನೋಡಿ ಆಸೆ ಹಿಡಿಯುವವನು. ಅವಳು ಅದೇ ಕಣ್ಣಿನಲ್ಲಿ ಅಂಜಿಕೆಯನ್ನು ಕಂಡಳು, ಕಂಡದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ವ್ಯಾಪಾರ ಕಲಿಯುವವರು ನನ್ನ ಮಾತಿನ ಜೊತೆ ಇದನ್ನೂ ಸೇರಿಸಿಕೊಳ್ಳಿ.

ಮರುದಿನ ಕರಾರನ್ನು ಕಂಪ್ಯೂಟರ್ ಸೆಂಟರಿನಲ್ಲಿ ಟೈಪ್ ಮಾಡಿಸಿ ತಂದೆ. ಅವಳಿಗೆ ಕನ್ನಡ ಓದಲು ಬಾರದು, ನಾನೇ ಓದಿ ಹೇಳಬೇಕು. ಹಾಳೆ ಹಿಡಿದು ಓದತೊಡಗಿದೆ. ಎರಡನೇ ಸಾಲಿಗೆ ಕೈ ಸ್ವಲ್ಪ ಮುಂದೆ ಹೋಯಿತು, ಐದನೇ ಸಾಲಿಗೆ ಪೂರ್ತಿ ಚಾಚಿತ್ತು. ಇಷ್ಟು ವರ್ಷ ಊರಿಗೆಲ್ಲ ಕನ್ನಡಕ ಹಾಕಿಸಿದ ನಾನು ಒಂದನ್ನೂ ಹಾಕಿಕೊಂಡವನಲ್ಲ.

ಅವಳು ಗಾಜಿನ ಕಪಾಟಿನಿಂದ ಒಂದನ್ನು ತೆಗೆದು ನನ್ನ ಮುಂದೆ ಇಟ್ಟಳು.

“ಎಂತ ಅದು?”

“ಎಂತ ಇಲ್ಲ ಅಣ್ಣ. ಕಂಪ್ಯೂಟರಿನವರು ಅಕ್ಷರ ಸಣ್ಣ ಮಾಡಿದ್ದಾರೆ.”

ಹಾಕಿಕೊಂಡೆ. ಅಕ್ಷರಗಳು ಹತ್ತಿರ ಬಂದು ನಿಂತವು. ಅಂಗಡಿಯ ಮಾತು ಎಲ್ಲ ಸರಿಯಾಗಿತ್ತು; ಹಿಂದಿನ ಕೋಣೆಯ ಮಾತು ಮಾತ್ರ ಎಲ್ಲೂ ಇರಲಿಲ್ಲ. ಮರೆತೆನೋ, ಮರೆತ ಹಾಗೆ ಮಾಡಿದೆನೋ, ಅದನ್ನು ಈಗ ಕೆದಕುವುದು ಬೇಡ. ಪೆನ್ನು ತೆಗೆದು ಕೆಳಗಿನ ಸಾಲಿನಲ್ಲಿ ಅದನ್ನು ನನ್ನ ಕೈಯಲ್ಲೇ ಬರೆದು, ಗಟ್ಟಿಯಾಗಿ ಓದಿ ಹೇಳಿದೆ.

“ಆತು,” ಎಂದಳು.