ಆ ಚೀಟಿಯ ಅಕ್ಷರ

ರಂಗಂಪೇಟೆಯಲ್ಲಿ ಗಾದಿ ಹೊಲಿಯುವ ಬಾಲ್ಯದ ಗೆಳೆಯ ಮೆಹಬೂಬ, ಮಗಳ ಮದುವೆ ಕಾರ್ಡುಗಳನ್ನು ನನ್ನ ಮುಂದಿಟ್ಟ. "ಹೆಸರು ನೀನೇ ಬರಿ. ನಿನ್ನ ಅಕ್ಷರ ಮುತ್ತಿನಂಗ ಅದಾವ."

ನಾನು ಪೆನ್ನು ಮುಟ್ಟಲಿಲ್ಲ. ಹತ್ತನೇ ತರಗತಿ ಪರೀಕ್ಷೆಯಲ್ಲಿ ಸ್ಕ್ವಾಡ್ ಬಂದಾಗ ನನ್ನ ಕಾಪಿ ಚೀಟಿಯನ್ನು ಇವನ ಬೆಂಚಿನಡಿ ಎಸೆದಿದ್ದೆ. ಡಿಬಾರ್ ಆದವನು ಮತ್ತೆ ಶಾಲೆಗೆ ಬರಲಿಲ್ಲ. ನಾನು ಮಾಸ್ತರನಾದೆ.

ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಕಡೆಗೂ ಹೇಳಿಬಿಟ್ಟೆ: "ದೋಸ್ತ, ಆ ಚೀಟಿ ನಂದಿತ್ತು."

ಅವನು ಪೆನ್ನಿನ ಕ್ಯಾಪು ತೆಗೆಯುತ್ತ ನಕ್ಕ. "ಅವತ್ತೇ ಗೊತ್ತಿತ್ತು. ನಿನ್ನ ಅಕ್ಷರದ ಗುರ್ತು ನನಗ ಸಿಗಂಗಿಲ್ಲೇನು? ಇಬ್ಬರೂ ಯಾಕ ಡಿಬಾರ್ ಆಗಬೇಕಂತ ಸುಮ್ಮನಿದ್ದೆ. ಬರಿ, ಮೊದಲನೇ ಕಾರ್ಡು ನಿಂದು."

ಉಳಿದ ಕಾರ್ಡುಗಳೆಲ್ಲ ಊರಿಗೆ ಹಂಚಿಹೋದವು. ನನ್ನ ಹೆಸರನ್ನು ನಾನೇ ಸೊಟ್ಟಗೆ ಬರೆದ ಆ ಕಾರ್ಡು ನನ್ನ ಹಾಜರಿ ಪುಸ್ತಕದೊಳಗಿದೆ. ದಿನಾ ಮಕ್ಕಳ ಹೆಸರು ಕೂಗುವ ಮೊದಲು ಅದನ್ನು ನೋಡುತ್ತೇನೆ.