ನೀರಿನ ಗಂಟೆ, ಮೂರನೇ ಮಹಡಿಯ ಬೀಗ

ಗುಜರಾತಿನ ಮೂರು ಊರುಗಳ ಮಕ್ಕಳಿಗೆ ನಾನು ಆರೋಗ್ಯ ಕಲಿಸಿದ್ದೇನೆ. ನನ್ನ ಗಂಡ ವಿಮೆ ಕಂಪನಿಯವರು. ಅವರನ್ನು ಎತ್ತಿ ಒಗೆದ ಕಡೆಗೆಲ್ಲ ನಾನೂ ಬಿ.ಎಡ್. ಸರ್ಟಿಫಿಕೇಟು ಹಿಡಿದುಕೊಂಡು ಹೋಗಿ ಯಾವುದಾದರೊಂದು ಶಾಲೆ ಸೇರಿಕೊಂಡಿದ್ದೇನೆ. ನನ್ನ ವಿಷಯ ಜೀವಶಾಸ್ತ್ರ. ಜೀವಶಾಸ್ತ್ರದವಳು ಅಂದಮೇಲೆ ವಾರಕ್ಕೊಂದು ಆರೋಗ್ಯದ ಪೀರಿಯಡ್ಡನ್ನೂ ಇವಳ ತಲೆಗೇ ಕಟ್ಟಿ ಎಂದು ಮೂರೂ ಊರಿನ ಪ್ರಿನ್ಸಿಪಾಲರು ಮಾತಾಡಿಕೊಂಡಂತಿತ್ತು.

ಅಹಮದಾಬಾದಿನಲ್ಲಿ ಆ ಪೀರಿಯಡ್ಡು ನನಗೆ ಸಿಕ್ಕಿದ್ದೇ ಅಪರೂಪ. ಗಣಿತದ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತು, ಆರೋಗ್ಯ ಎಲ್ಲಿ ಓಡಿಹೋಗುತ್ತೆ ಮೇಡಮ್, ನನಗೆ ಪೋರ್ಷನ್ ಮುಗೀಬೇಕು ಎನ್ನುತ್ತಿದ್ದರು. ವಡೋದರಾದಲ್ಲಿ ಕೈ ತೊಳೆಯುವ ವಿಧಾನ ಕಲಿಸಿದೆ. ಅಂಗೈ, ಬೆರಳ ಸಂದಿ, ಉಗುರು, ಮಣಿಕಟ್ಟು ಎಲ್ಲವನ್ನೂ ಎರಡು ವರ್ಷ ಗಾಳಿಯಲ್ಲೇ ತೊಳೆಸಿದೆ. ಸೋಪನ್ನು ಮಕ್ಕಳು ಕದಿಯುತ್ತಾರೆಂದು ಆಫೀಸಿನ ಬೀರುವಿನಲ್ಲಿ ಇಟ್ಟಿದ್ದರು. ಆ ಮಕ್ಕಳು ಗಾಳಿಯಲ್ಲಿ ಕೈ ತೊಳೆದುಕೊಂಡು, ಅದೇ ಕೈಯಲ್ಲಿ ಡಬ್ಬಿ ತೆಗೆದು ಥೇಪ್ಲಾ ರೊಟ್ಟಿ ತಿನ್ನುತ್ತಿದ್ದರು.

ಸೂರತ್ತಿಗೆ ಬಂದಮೇಲೆ ಮಾತ್ರ ಆರೋಗ್ಯಕ್ಕೆ ಬೆಲೆ ಬಂತು. ಅಡಾಜಣ್ ಬಡಾವಣೆಯ ಈ ಖಾಸಗಿ ಶಾಲೆಯ ಟ್ರಸ್ಟಿಗಳಿಗೆ ಒಂದು ಆಸೆ ಹುಟ್ಟಿತ್ತು. 'ಆರೋಗ್ಯವಂತ ಶಾಲೆ' ಎಂಬ ಫಲಕವೊಂದು ಸಿಗಬೇಕು, ಅದನ್ನು ಗೇಟಿನ ಪಕ್ಕ ಹಾಕಬೇಕು, ಎದುರು ಸಾಲಿನ ಅಪಾರ್ಟ್‌ಮೆಂಟುಗಳ ಬಾಲ್ಕನಿಗೆ ಅದು ಕಾಣಬೇಕು. ಫಲಕ ಕೊಡುವವರು ಮೊದಲು ತಪಾಸಣೆಗೆ ಬರುತ್ತಾರೆ. ಹಾಗಾಗಿ ಇಡೀ ಶಾಲೆಗೆ ಆರೋಗ್ಯದ ಜ್ವರ ಹತ್ತಿತು. 'ಸಕ್ಕರೆ ಬಿಡೋಣ ಸಪ್ತಾಹ' ಶುರುವಾದ ಮೂರನೇ ದಿನ ಟ್ರಸ್ಟಿಯೊಬ್ಬರ ಹುಟ್ಟುಹಬ್ಬ ಬಂದು, ಪ್ರತಿ ಮಗುವಿಗೂ ಒಂದೊಂದು ಮೋತಿಚೂರ್ ಲಾಡು, ಒಂದೊಂದು ತಂಪು ಪಾನೀಯ ಹಂಚಿದರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಲಾಡು ಹಿಡಿದುಕೊಂಡು ಬಂದು, ಇದನ್ನು ತಿನ್ನಬಹುದಾ ಮ್ಯಾಮ್ ಎಂದು ಬಲು ವಿನಯದಿಂದ ಕೇಳಿದ. ತಿನ್ನೋ ಸುಮ್ನೆ ಎಂದೆ. ನಾನೂ ತಿಂದೆ, ಚೆನ್ನಾಗಿಯೇ ಇತ್ತು.

ಇಷ್ಟು ಹೊತ್ತು ಬೇರೆಯವರನ್ನು ಆಡಿಕೊಂಡಿದ್ದಾಯಿತು. ಈಗ ನನ್ನ ಪ್ರತಾಪ ಕೇಳಿ. ನಮ್ಮ ಕರ್ನಾಟಕದ ಕಡೆಯ ಶಾಲೆಗಳಲ್ಲಿ ನೀರು ಕುಡಿಯುವುದಕ್ಕೆಂದೇ ಗಂಟೆ ಹೊಡೆಯುತ್ತಾರೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಮೀಟಿಂಗಿನಲ್ಲಿ ಬಾಯಿ ಸುಮ್ಮನಿರದೆ ಅದನ್ನು ಹೇಳಿಬಿಟ್ಟೆ. ಪ್ರಿನ್ಸಿಪಾಲ್ ಮೇಡಮ್ ಕುಣಿದಾಡುವುದೊಂದು ಬಾಕಿ. ಮರುವಾರದಿಂದಲೇ ದಿನಕ್ಕೆ ಮೂರು ಸಲ ನೀರಿನ ಗಂಟೆ. ಗಂಟೆ ಹೊಡೆದ ಕೂಡಲೇ ಮಕ್ಕಳೆಲ್ಲ ಎದ್ದು ನಿಂತು ಬಾಟಲಿ ಎತ್ತಿ ಕುಡಿಯಬೇಕು. ಕುಡಿದಮೇಲೆ ನೀಲಿ ಕಾರ್ಡಿನಲ್ಲಿ ಒಂದು ಗುರುತು ಹಾಕಿಕೊಳ್ಳಬೇಕು. ಶನಿವಾರ ಕ್ಲಾಸ್ ಟೀಚರ್ ಸಹಿ ಮಾಡಬೇಕು. ನನ್ನ ಒಂಬತ್ತು ಬಿ ಸೆಕ್ಷನ್ನಿನ ಕಾರ್ಡುಗಳು ಇಡೀ ಶಾಲೆಗೇ ಮಾದರಿ. ಆ ಹೆಮ್ಮೆಯಲ್ಲಿ ನಾನು ಸ್ವಲ್ಪ ಕೊಬ್ಬಿದ್ದೆ ಅಂತಲೇ ಹೇಳಬೇಕು.

ಕುಡಿದ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ಪಾಠದಲ್ಲಿ ಚಿತ್ರ ಬರೆದು ತೋರಿಸುತ್ತಿದ್ದೆ. ಮೂತ್ರಪಿಂಡ, ನಾಳ, ಚೀಲ. ಅಲ್ಲಿಗೆ ನನ್ನ ಪಾಠ ಮುಗಿಯುತ್ತಿತ್ತು. ಶಾಲೆಯಲ್ಲಿ ಹುಡುಗಿಯರಿಗೆ ಇದ್ದದ್ದು ಕೆಳಗಡೆಯ ಮೂರು ಶೌಚಾಲಯ. ಒಂದರಲ್ಲಿ ಮುರಿದ ಬೆಂಚು ತುಂಬಿದ್ದರು, ಒಂದಕ್ಕೆ ನೀರಿರಲಿಲ್ಲ, ಇನ್ನೊಂದಕ್ಕೆ ಚಿಲಕವಿರಲಿಲ್ಲ. ನಮ್ಮ ತರಗತಿಯಿದ್ದ ಮೂರನೇ ಮಹಡಿಯಲ್ಲಿ ಹೊಸದಾಗಿ ಕಟ್ಟಿಸಿದ್ದು ಒಂದಿತ್ತು. ಹಾಲಿನಂಥ ಟೈಲ್ಸು, ಕನ್ನಡಿ, ಒಳಗೆ ಒಂದು ಪ್ಲಾಸ್ಟಿಕ್ ಹೂಕುಂಡ. ತಪಾಸಣೆಯ ಹೊತ್ತಿಗೆ ಗಲೀಜಾಗಬಾರದೆಂದು ಅದಕ್ಕೆ ಬೀಗ ಜಡಿದಿದ್ದರು.

ಸಾಲದ್ದಕ್ಕೆ ಪಾಸು ಬೇರೆ. ಪಾಠದ ಮಧ್ಯೆ ಹೊರಗೆ ಹೋಗಬೇಕಾದರೆ ನನ್ನ ಮೇಜಿನ ಪಕ್ಕದ ಮೊಳೆಯಿಂದ ಪಾಸು ತೆಗೆದುಕೊಂಡು ಹೋಗಬೇಕು. ದಂತಾರೋಗ್ಯ ದಿನಕ್ಕೆ ಮಾಡಿಸಿದ ಪ್ಲೈವುಡ್ಡಿನ ದೊಡ್ಡ ದವಡೆ ಹಲ್ಲೊಂದು ಉಳಿದಿತ್ತು. ಹಾಳಾಗುವುದು ಯಾಕೆಂದು ಅದಕ್ಕೇ ದಾರ ಕಟ್ಟಿ ಪಾಸು ಮಾಡಿದವಳು ನಾನೇ. ಹಲ್ಲಿಗೆ ಎರಡು ಕಣ್ಣು, ನಗುವ ಬಾಯಿ ಬೇರೆ ಬರೆದಿದ್ದೆ. ಹದಿನಾಲ್ಕು ವರ್ಷದ ಹುಡುಗಿ, ಹುಡುಗರೆಲ್ಲ ಕಿಸಿಕಿಸಿ ನಗುತ್ತಿರುವಾಗ, ಮೊರದಗಲದ ಆ ಹಲ್ಲನ್ನು ಎತ್ತಿಕೊಂಡು ಮೂರು ಮಹಡಿ ಇಳಿಯಬೇಕು. ನನ್ನ ಕ್ಲಾಸಿನ ಹುಡುಗಿಯರು ಎಷ್ಟು ಶಿಸ್ತು, ಪಾಠದ ಮಧ್ಯೆ ಒಬ್ಬಳೂ ಎದ್ದು ಹೋಗುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ.

ನನ್ನ ಕ್ಲಾಸಿನಲ್ಲಿ ಒಬ್ಬಳೇ ಕನ್ನಡದ ಹುಡುಗಿ. ಅಪ್ಪ ರೈಲ್ವೆಯವರು, ಗದಗದ ಕಡೆಯವರು, ಸೂರತ್ತಿನ ಇನ್ನೊಂದು ತುದಿಯ ಉಧ್ನಾದ ಕ್ವಾರ್ಟರ್ಸಿನಲ್ಲಿ ಮನೆ. ಬೆಳಗ್ಗೆ ಆರಕ್ಕೆ ವ್ಯಾನ್ ಹತ್ತಿದರೆ ಊರೆಲ್ಲ ಸುತ್ತಿ ಮನೆ ಸೇರುವುದು ಮಧ್ಯಾಹ್ನ ಎರಡಕ್ಕೆ. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ಹಿಂದಿ, ಗುಜರಾತಿ ಅರಳು ಹುರಿದಂತೆ ಮಾತಾಡುತ್ತಿದ್ದಳು. ಕನ್ನಡ ಮಾತ್ರ ತಡವರಿಸಿ ತಡವರಿಸಿ, ಅದೂ ಬೇರೆಯವರಿಗೆ ತಿಳಿಯಬಾರದ್ದನ್ನು ನನಗೆ ಹೇಳುವಾಗ.

ತಪಾಸಣೆಗೆ ಮೂರು ವಾರ ಇದ್ದಾಗ ಅವಳ ತಾಯಿ ಬಂದರು. ಹುಡುಗಿ ನಾಲ್ಕು ದಿನದಿಂದ ರಜೆಯಲ್ಲಿದ್ದಳು.

"ಮೂರನೇ ಸಲ ನೋಡ್ರಿ ಮಿಸ್, ಚಳಿ ಜ್ವರ. ಮೂತ್ರದ ಸೋಂಕು ಅಂದಾರ ಡಾಕ್ಟ್ರು. ನೀರು ಭಾಳ ಕುಡೀಬೇಕು, ತಡಕೊಂಡು ಕೂಡಬಾರದು, ಇಲ್ಲಾಂದ್ರ ಕಿಡ್ನಿಗೆ ಹತ್ತತೈತಿ ಅಂದಾರ. ನಮ್ಮ ಮನಿಯವ್ರು ಸಿಟ್ಟಿಗೆದ್ದಾರ. ಇನ್ನೊಮ್ಮೆ ಜ್ವರ ಬಂತಂದ್ರ ಈ ವ್ಯಾನೂ ಬ್ಯಾಡ, ಈ ಸಾಲೀನೂ ಬ್ಯಾಡ, ಗದಗದಾಗ ನಮ್ಮಕ್ಕನ ಮನ್ಯಾಗ ಇದ್ದು ಕಲೀಲಿ ಅಂತಾರ. ಆಕಿ ಅಳಾಕ ಹತ್ಯಾಳ್ರಿ. ಅಂಗಡಿ ಮ್ಯಾಲಿನ ಕನ್ನಡ ಬೋರ್ಡ್ ಸೈತ ಓದಾಕ ಬರಂಗಿಲ್ಲ ಆಕಿಗೆ, ಗೆಳತ್ಯಾರೆಲ್ಲಾ ಇಲ್ಲೇ."

ನಾನೇನು ಮಾಡಿದೆ ಅಂತೀರಿ? ನೀಲಿ ಕಾರ್ಡು ತೆಗೆದು ತೋರಿಸಿದೆ. "ನೋಡಿ, ಶಾಲೇಲಿ ಒಂದು ದಿನಾನೂ ತಪ್ಪಿಲ್ಲ, ಮೂರಕ್ಕೆ ಮೂರೂ ಕುಡಿದಿದ್ದಾಳೆ. ಮನೇಲಿ ನೀವು ನೋಡ್ಕೋಬೇಕಮ್ಮ." ಪಾಪ ಆ ಹೆಂಗಸು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಹೌದಲ್ರಿ ಎಂದು ತಲೆ ತಗ್ಗಿಸಿಕೊಂಡು ಹೋದರು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹುಡುಗಿ ವಾಪಸು ಬಂದ ಎರಡನೇ ದಿನ ಸಿಕ್ಕಿಬಿದ್ದಳು. ಕಾರಿಡಾರಿನಲ್ಲಿ ತಪಾಸಣೆಗೆಂದು ಸಾಲಾಗಿ ಇಟ್ಟ ಕುಂಡಗಳಿಗೆ ತನ್ನ ಬಾಟಲಿ ಬಗ್ಗಿಸುತ್ತಿದ್ದಳು. ನಮ್ಮ ಮಹಡಿಯ ಮನಿ ಪ್ಲಾಂಟು ಯಾಕಿಷ್ಟು ಸೊಂಪಾಗಿದೆ ಎಂದು ಆಗಲೇ ಗೊತ್ತಾದದ್ದು. ರೇಗಿಬಿಟ್ಟೆ. ಸುಳ್ಳು ಗುರುತು ಹಾಕ್ತೀಯಾ, ನಾಚಿಕೆ ಆಗಲ್ವಾ, ನಿಮ್ಮಮ್ಮ ಅಷ್ಟು ಸಂಕಟ ಪಡ್ತಿದ್ದಾರೆ ಎಂದು ಎಲ್ಲರಿಗೂ ಕೇಳುವಂತೆ ಕೂಗಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, ಸುತ್ತ ಒಮ್ಮೆ ನೋಡಿ, ಕನ್ನಡಕ್ಕೆ ತಿರುಗಿದಳು.

"ಕುಡದ್ರೆ ಹೋಗಬೇಕಾಗ್ತೈತಿ ಮಿಸ್. ಕೆಳಗೆ ಡೋರ್ ಬಂದ್ ಆಗಲ್ಲ. ಆ ಹಲ್ಲು ಹಿಡಕೊಂಡು ಹೋದ್ರೆ ಹುಡುಗ್ರು ದಿನಾ ಚಿಡಾಯಿಸ್ತಾರೆ. ಎಲ್ಲಾ ಹುಡುಗೀರೂ ಚೆಲ್ತಾರೆ, ನಾನೊಬ್ಳೇ ಅಲ್ಲ." ಖಾಲಿ ಬಾಟಲಿಯ ಮುಚ್ಚಳ ತಿರುಗಿಸುತ್ತ, "ನೀವೂ ಕುಡಿಯಲ್ಲ ಅಲ್ವಾ ಮಿಸ್?" ಎಂದಳು.

ನಿಜವೇ. ಗಂಟೆ ಹೊಡೆದಾಗ ನಾನೂ ಮಕ್ಕಳ ಮುಂದೆ ಬಾಟಲಿ ಎತ್ತುತ್ತಿದ್ದೆ, ತುಟಿಗೆ ತಾಕಿಸಿ ಇಳಿಸುತ್ತಿದ್ದೆ. ಸ್ಟಾಫಿನ ಶೌಚಾಲಯಕ್ಕೆ ಹೋಗಬೇಕೆಂದರೆ ಗಂಡಸರು ಚಹಾ ಕುಡಿಯುತ್ತ ಕೂರುವ ಕೋಣೆಯನ್ನು ದಾಟಬೇಕು. ಅದಕ್ಕೇ ಬೆಳಗ್ಗೆ ತುಂಬಿದ ಬಾಟಲಿಯನ್ನು ಮಧ್ಯಾಹ್ನ ಮನೆಗೆ ತುಂಬಿದಂತೆಯೇ ತರುವುದು ನನಗೆ ಮೂರು ಊರಿನ ಅಭ್ಯಾಸ. ಪಾಠ ಮಾಡುವ ಹೆಂಗಸರೆಲ್ಲ ಹಾಗೇ. ಅದನ್ನು ಇವಳು ಯಾವಾಗಲೋ ಗಮನಿಸಿಬಿಟ್ಟಿದ್ದಳು.

ನೇರ ಪ್ರಿನ್ಸಿಪಾಲರ ಬಳಿ ಹೋದೆ. ಹುಡುಗಿಯ ವಿಷಯ ಹೇಳಿದೆ, ಮೂರನೇ ಮಹಡಿಯ ಬೀಗ ತೆಗೆಸಿ ಎಂದೆ. ಅವರು ಕೆಟ್ಟವರಲ್ಲ, ನನ್ನನ್ನು ತಂಗಿಯಂತೆ ಕೂರಿಸಿ ಮಜ್ಜಿಗೆ ತರಿಸಿದರು.

"ಚಿಂತಾ ಮತ್ ಕರೋ ಬೆನ್, ಇನ್ನು ಎರಡೇ ವಾರ. ಈಗ ತೆಗೆದರೆ ಮಕ್ಕಳು ಹಾಳು ಮಾಡ್ತಾರೆ. ಅವರು ಬಂದಾಗ ವಾಸನೆ ಬಂದ್ರೆ ನಿಮ್ಮ ನೀರಿನ ಗಂಟೆಗೇ ಕೆಟ್ಟ ಹೆಸರು."

"ಆ ಹುಡುಗಿಗೆ ಇನ್ನೊಂದು ಸಲ ಜ್ವರ ಬಂದ್ರೆ ಶಾಲೆ ಬಿಡಿಸ್ತಾರಂತೆ ಮೇಡಮ್."

"ಬಹಳ ಬೇಜಾರಿನ ವಿಷಯ," ಎಂದರು. ನಿಜವಾಗಿಯೂ ಬೇಜಾರಿನ ಮುಖ ಮಾಡಿ, ಮುಂದಿದ್ದ ಫೈಲು ತೆರೆದರು.

ಮನೆಯಲ್ಲಿ ಗಂಡನ ಮುಂದೆ ಪ್ರಿನ್ಸಿಪಾಲರ ಜನ್ಮ ಜಾಲಾಡಿದೆ. ಪಾತ್ರೆಗಳನ್ನು ಕುಕ್ಕಿದೆ. "ಇದನ್ನೆಲ್ಲ ಅಲ್ಲೇ ಹೇಳಬಹುದಿತ್ತಲ್ಲ, ನನ್ನ ಮುಂದೆ ಯಾಕೆ ಹುಲಿ ಆಗ್ತೀಯ?" ಎಂದರು ಅವರು. ಅವರ ಮಾತಿಗೆ ಇನ್ನಷ್ಟು ಉರಿದುಕೊಂಡೆ.

ಮರುದಿನದಿಂದ ಹಲ್ಲನ್ನು ಗೋಡೆಯಿಂದ ತೆಗೆದೆ. ದಿನಕ್ಕೆರಡು ಸಲ ಹುಡುಗಿಯನ್ನು ನಾನೇ ಸ್ಟಾಫಿನ ಶೌಚಾಲಯಕ್ಕೆ ಕರೆದುಕೊಂಡು ಹೋದೆ. ಅವಳು ಧೈರ್ಯವಾಗಿ ಬಾಟಲಿ ಖಾಲಿ ಮಾಡತೊಡಗಿದಳು. ಇದು ನಡೆದದ್ದು ಮೂರು ದಿನ. ನಾಲ್ಕನೇ ದಿನ ಸಹೋದ್ಯೋಗಿಯೊಬ್ಬರು, ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬರ್ತಾರೆ, ನಿಮ್ಮ ಭಾಷೆಯವಳು ಅಂತ ತಾನೇ ಎಂದು ಚುಚ್ಚಿದರು. ಅದೇ ಹೊತ್ತಿಗೆ ನನ್ನ ತಲೆಯ ಮೇಲೆ ಇಪ್ಪತ್ತು ಚಾರ್ಟು ಬರೆಸುವ ಕೆಲಸ ಬಂದು ಬಿತ್ತು. ನಾಳೆ ಕರೆದುಕೊಂಡು ಹೋಗ್ತೀನಿ ಎಂದೆ. ಆ ನಾಳೆ ಬರಲಿಲ್ಲ, ಹುಡುಗಿಯೂ ಕೇಳಲಿಲ್ಲ. ಅವಳ ಕಾರ್ಡಿನಲ್ಲಿ ಗುರುತುಗಳು ಮಾತ್ರ ಎಂದಿನಂತೆ ಬೀಳುತ್ತಿದ್ದವು, ಶನಿವಾರ ನಾನು ಸಹಿ ಹಾಕುತ್ತಿದ್ದೆ.

ತಪಾಸಣೆಯ ದಿನ ಅತಿಥಿಗಳ ಮುಂದೆ ನೀರಿನ ಮಹತ್ವದ ಬಗ್ಗೆ ಮಾತಾಡಲು ಮಗು ಬೇಕಾಯಿತು. ಕಳೆದ ಎರಡು ವಾರ ಒಂದೂ ತಪ್ಪದೆ, ಚೊಕ್ಕವಾಗಿ ತುಂಬಿದ ಕಾರ್ಡು ಯಾರದೆಂದು ಪ್ರಿನ್ಸಿಪಾಲರು ಹುಡುಕಿಸಿದರು. ಸಿಕ್ಕಿದ್ದು ಇವಳದೇ. ಬೇರೆ ಯಾರನ್ನಾದರೂ ಹಾಕೋಣ ಮೇಡಮ್ ಎಂದೆ, ಅಷ್ಟಕ್ಕೇ ನನ್ನ ಧೈರ್ಯ ಮುಗಿಯಿತು. ಭಾಷಣ ಬರೆದುಕೊಟ್ಟವಳೂ ನಾನೇ. 'ನೀರು ನಮ್ಮ ದೇಹದ ಕೊಳೆಯನ್ನು ಹೊರಹಾಕುತ್ತದೆ' ಎಂದು ಶುರು.

ಅಂದು ಬೆಳಗ್ಗೆ ಮೂರನೇ ಮಹಡಿಯ ಬೀಗ ತೆಗೆದರು. ಸುದ್ದಿ ತಿಳಿದು ಹುಡುಗಿಯರ ಹಿಂಡೇ ಓಡಿತು. ಆಯಾ ಪೊರಕೆ ಅಡ್ಡ ಹಿಡಿದು ಎಲ್ಲರನ್ನೂ ಅಟ್ಟಿದಳು, ಅವಳಿಗೆ ಹಾಗೆಂದು ಹೇಳಿಟ್ಟಿದ್ದರು. ಅತಿಥಿಗಳು ಬಂದರು, ಖಮಣ್ ಢೋಕ್ಲಾ ತಿಂದರು, ಚಾರ್ಟು ನೋಡಿದರು. ಹುಡುಗಿ ಒಂದಕ್ಷರ ತಪ್ಪದೆ ಭಾಷಣ ಒಪ್ಪಿಸಿದಳು. ಮುಖ ಬಿಳುಚಿಕೊಂಡಿತ್ತು, ಒಂದು ಕೈ ಕಿಬ್ಬೊಟ್ಟೆಯ ಮೇಲೇ ಇತ್ತು. ಬಂದವರಲ್ಲಿ ಒಬ್ಬ ಮಹಿಳೆ ಹೊಸ ಶೌಚಾಲಯಕ್ಕೆ ಹೋಗಿಬಂದು, ವಾಹ್, ಮನೆಗಿಂತ ಚೊಕ್ಕ ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವರ ಕಾರು ಗೇಟು ದಾಟಿದ ಮೇಲೆ ಬೀಗ ಮತ್ತೆ ಬಿತ್ತು, ಅಂತಿಮ ಸುತ್ತಿನ ತಪಾಸಣೆ ಇನ್ನೂ ಬಾಕಿಯಿತ್ತಂತೆ.

ಅಂದು ಸಂಜೆಯೇ ಅವಳಿಗೆ ಜ್ವರ ಬಂತು. ಈ ಸಲ ಆಸ್ಪತ್ರೆಗೆ ಸೇರಿಸಿ ಐದು ದಿನ ಡ್ರಿಪ್ ಹಾಕಿದರು. ನಾನು ಹಣ್ಣು ಹಿಡಿದುಕೊಂಡು ನೋಡಲು ಹೋದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತು.

ಹದಿನೈದು ದಿನಕ್ಕೆ ತಾಯಿ ಮಗಳು ಟಿ.ಸಿ. ಕೇಳಿಕೊಂಡು ಬಂದರು. "ನೀವು ಭಾಳ ಛಲೋ ನೋಡಿಕೊಂಡ್ರಿ ಮಿಸ್, ದವಾಖಾನಿಗೂ ಬಂದ್ರಿ," ಎಂದು ತಾಯಿ ನನ್ನ ಎರಡೂ ಕೈ ಹಿಡಿದುಕೊಂಡರು. ಮಗಳು ಮನೆಯಲ್ಲಿ ನನ್ನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. ಶಾಲೆ ಬಿಡಲು ಕಾರಣ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಆಫೀಸಿನವರು ಮೊದಲೇ ಹೇಳಿದ್ದರು. ಹೇಳಿದ ಹಾಗೆ, ನನ್ನ ದುಂಡು ಇಂಗ್ಲಿಷ್ ಅಕ್ಷರದಲ್ಲಿ, 'ಕುಟುಂಬದ ಕಾರಣ' ಎಂದು ಬರೆದೆ.

ಹುಡುಗಿ ಅದನ್ನು ಓದಿದಳು. ತಾಯಿ ಸಹಿ ಹಾಕಲು ಆ ಕಡೆ ಹೋದಾಗ ನನ್ನ ಹತ್ತಿರ ಬಂದು, ಮೆಲ್ಲಗೆ, ಕನ್ನಡದಲ್ಲಿ ಕೇಳಿದಳು.

"ಮಿಸ್, ಗದಗದ ಸ್ಕೂಲಲ್ಲಿ ಹುಡುಗೀರ ಟಾಯ್ಲೆಟ್ ಖುಲ್ಲಾ ಇರ್ತೈತಾ?"

ಆರೋಗ್ಯದ ಟೀಚರು ನಾನು. ನನಗೆ ಗೊತ್ತಿರಲಿಲ್ಲ. ಇರುತ್ತೆ ಎಂದೆ.

ಸಹಿ ಹಾಕಿ ಬಾಗಿಲಲ್ಲಿ ನಿಂತಿದ್ದ ತಾಯಿಯಿಂದ ಅವಳು ನೀರಿನ ಬಾಟಲಿ ಇಸಿದುಕೊಂಡು, ಕುಡಿಯದೆ, ಬ್ಯಾಗಿನೊಳಗೆ ಇಟ್ಟುಕೊಂಡಳು.